ಪದವೀಧರನ ಮೊದಲ ಬಿಡಾರ

ಪದವಿ ಮುಗಿದ ಕೂಡಲೇ ಮಕ್ಕಳು ಮನೆ ಬಿಟ್ಟು ಪರಸ್ಥಳಕ್ಕೆ ಹೋಗುವುದು ಕಂಪ್ಯೂಟರ್ ಕಾಲದ ಹೊಸ ಪದ್ಧತಿಯೆಂದು ಬಹಳ ಮಂದಿ ತಿಳಿದಿದ್ದಾರೆ. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ ಇದು ಆಧುನಿಕ ವಿಶ್ವವಿದ್ಯಾಲಯಗಳಷ್ಟೇ ಹಳೆಯದು. ಹಾಗೆ ಹೊರಟುಹೋದ ತರುಣರ ವಿದ್ವತ್ತು, ಅಧಿಕಾರ, ಸಾಧನೆಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಆದರೆ ಪದವಿಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಪರಿಚಿತ ನಗರದಲ್ಲಿ ಇಳಿದವನು ಮೊದಲ ರಾತ್ರಿ ಎಲ್ಲಿ ಮಲಗಿದ, ಎಲ್ಲಿ ಉಂಡ, ಮೊದಲ ಪಗಾರ ಕೈಸೇರುವ ತನಕ ಯಾರ ಭರವಸೆಯ ಮೇಲೆ ದಿನ ಕಳೆದ ಎಂದು ಕೇಳಿದವರು ಕಡಿಮೆ. ಈ ಚಿಕ್ಕ ಪ್ರಶ್ನೆಯ ಜಾಡು ಹಿಡಿದು ಹೊರಟರೆ ನಮ್ಮ ಹೊರನಾಡ ಸಂಘಸಂಸ್ಥೆಗಳು ಹುಟ್ಟಿದ ಬಗೆಯೇ ಸ್ಪಷ್ಟವಾಗುತ್ತದೆ. ಕನ್ನಡಿಗರು ಅತಿ ಹೆಚ್ಚು ಸಂಖ್ಯೆಯಲ್ಲಿ ಹೋಗಿ ನೆಲೆಸಿದ ಮುಂಬಯಿಯನ್ನೇ ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಈ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ.

ವಿದ್ಯೆಗೂ ಪರಸ್ಥಳವೇ

1857ರಲ್ಲಿ ಕಲಕತ್ತೆ, ಮುಂಬಯಿ ಮತ್ತು ಮದರಾಸಿನಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದ ಮೊದಲ ತಂಡ ಹೊರಬಿದ್ದದ್ದು 1862ರಲ್ಲಿ. ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಾಂಡಾರಕರ ಆ ತಂಡದಲ್ಲಿದ್ದರು. ಅದೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಆದರೆ ಕಾರವಾರ, ಕುಮಟೆ, ಹೊನ್ನಾವರದ ಓದಿದ ಹುಡುಗರ ಪಾಲಿಗೆ ಎರಡೂ ಸೇರಿ ಒಂದೇ ದಾರಿಯನ್ನು ತೋರಿಸಿದವು. ಅವರ ರಾಜಧಾನಿ ಮುಂಬಯಿಯಾಯಿತು. ಪರೀಕ್ಷೆಯೂ ಅಲ್ಲಿಯದೇ, ಸರಕಾರಿ ನೌಕರಿಯೂ ಅಲ್ಲಿಯದೇ.

ಆಗ ಕನ್ನಡ ನಾಡು ಒಂದಾಗಿರಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲಿದ್ದವು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದರಾಸಿಗೆ ಸೇರಿದ್ದವು. ಕಲಬುರ್ಗಿ, ರಾಯಚೂರು, ಬೀದರ ನಿಜಾಮರ ಆಳ್ವಿಕೆಯಲ್ಲಿದ್ದವು; ಅಲ್ಲಿಯ ವಿದ್ಯಾರ್ಥಿ ಹೈದರಾಬಾದಿಗೆ ಹೋಗಿ, 1918ರ ನಂತರ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಬೇಕಿತ್ತು. ಮೈಸೂರಿನವನಿಗೆ ಮಾತ್ರ ತನ್ನದೇ ಸಂಸ್ಥಾನ, ತನ್ನದೇ ಸರಕಾರವಿತ್ತು. 1916ರಲ್ಲಿ ತನ್ನದೇ ವಿಶ್ವವಿದ್ಯಾಲಯವೂ ಬಂದಿತು.

ಧಾರವಾಡ ಸೀಮೆಗೆ ಕಾಲೇಜು ದೊರೆತದ್ದು 1917ರಲ್ಲಿ, ಕರ್ನಾಟಕ ಕಾಲೇಜಿನ ರೂಪದಲ್ಲಿ. ಅಲ್ಲಿಯವರೆಗೆ ಪುಣೆಯ ಡೆಕ್ಕನ್ ಅಥವಾ ಫರ್ಗ್ಯುಸನ್ ಕಾಲೇಜು, ಇಲ್ಲವೇ ಮುಂಬಯಿಯ ಎಲ್ಫಿನ್‌ಸ್ಟನ್ ಅಥವಾ ವಿಲ್ಸನ್ ಕಾಲೇಜು ಎಂಬುದೇ ಗತಿಯಾಗಿತ್ತು. ಆಲೂರು ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಬಿ.ಎ. ಮಾಡಿ ಮುಂಬಯಿಯಲ್ಲಿ ಕಾಯದೆ ಓದಿದರು. ದ. ರಾ. ಬೇಂದ್ರೆಯವರೂ ಫರ್ಗ್ಯುಸನ್ನಿನ ವಿದ್ಯಾರ್ಥಿಗಳೇ. ಮುಂಬಯಿ ಕರ್ನಾಟಕಕ್ಕೆ ಸ್ವಂತ ವಿಶ್ವವಿದ್ಯಾಲಯ ಬರಲು 1949 ಆಗಬೇಕಾಯಿತು. ಆ ಕರ್ನಾಟಕ ವಿಶ್ವವಿದ್ಯಾಲಯ ಕೂಡ ಮೊದಲು ಮುಂಬಯಿಯಲ್ಲೇ ಕಚೇರಿ ತೆರೆದು, ಮರುವರ್ಷ ಧಾರವಾಡಕ್ಕೆ ಬಂದಿತು. ಪದವಿ ಕೊಡುವ ಸಂಸ್ಥೆಯೇ ಪರಸ್ಥಳದಲ್ಲಿ ಬಿಡಾರ ಹೂಡಬೇಕಾದ ಕಾಲದಲ್ಲಿ ಪದವಿ ಪಡೆಯುವವನ ಪಾಡೇನು!

ಬೆಂಗಳೂರಿನಿಂದ ಖಾನದೇಶಕ್ಕೆ

ಪದವಿಯ ನಂತರ ಊರು ಬಿಟ್ಟವರಲ್ಲಿ ನಮಗೆಲ್ಲ ಪರಿಚಿತರಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸಾದರು. ಆಗ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಇಂಜಿನಿಯರಿಂಗ್ ಕಲಿಯಲು ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಅವರು ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿದರು.

ಅವರ ಮೊದಲ ನೇಮಕ ನಾಸಿಕ ಜಿಲ್ಲೆಯಲ್ಲಿ. ಬೇಗನೇ ಅವರನ್ನು ಖಾನದೇಶದ ಧುಳೆ ಕಡೆಗೆ ಕಳಿಸಿದರು. ಅಲ್ಲಿ ಹಳ್ಳವೊಂದನ್ನು ದಾಟಿಸಿ ನೀರು ಒಯ್ಯುವ ಕೊಳವೆ ಸೈಫನ್ನಿನ ಕೆಲಸವನ್ನು, ಮಳೆಗಾಲದ ಪ್ರವಾಹದ ತೊಂದರೆಯ ನಡುವೆ, ಅವರು ಮುಗಿಸಬೇಕಾಯಿತು. ಮೈಸೂರು ಸೀಮೆಯಲ್ಲಿ ಬೆಳೆದ, ಇಪ್ಪತ್ತೈದರ ಒಳಗಿನ ತರುಣ. ಸುತ್ತಲಿನ ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಆ ಸೇವೆಯಲ್ಲೇ ಅವರು ಸುಮಾರು ಇಪ್ಪತ್ತನಾಲ್ಕು ವರ್ಷ ಕಳೆದರು. ಮೈಸೂರಿನ ಮುಖ್ಯ ಇಂಜಿನಿಯರಾಗಿ ಅವರು ನಾಡಿಗೆ ಮರಳಿದ್ದು 1909ರಲ್ಲಿ.

ವಿಶ್ವೇಶ್ವರಯ್ಯನವರ ಪ್ರತಿಭೆ ದೊಡ್ಡದು. ಆದರೂ ಅವರ ಹೆಸರಿಗೆ ಮುಂಚಿತವಾಗಿಯೇ ಒಂದು ಸರಕಾರಿ ಹುದ್ದೆ ಹೋಗಿ ನಿಂತಿತ್ತೆಂಬುದನ್ನು ಮರೆಯಬಾರದು. ಸರಕಾರಿ ಅಧಿಕಾರಿಗೆ ಮುಕ್ಕಾಮಿನ ವ್ಯವಸ್ಥೆಯಿತ್ತು, ಸಿಪಾಯಿಯಿದ್ದ, ತಿಂಗಳ ಸಂಬಳ ಖಚಿತವಿತ್ತು. ನೌಕರಿ ಹುಡುಕಿಕೊಂಡು ಬಂದ ಸಾಮಾನ್ಯ ಪದವೀಧರನಿಗೆ, ಅವನಿಗಿಂತ ಹೆಚ್ಚಿನ ಸಂಖ್ಯೆಯಲ್ಲಿದ್ದ ಮೆಟ್ರಿಕ್ ಪಾಸಾದ ಹುಡುಗನಿಗೆ, ಇವು ಯಾವುವೂ ಇರಲಿಲ್ಲ. ನಮ್ಮ ಹೆಚ್ಚಿನ ಕುಟುಂಬಗಳ ಕಥೆ ಪ್ರಾರಂಭವಾಗುವುದು ಈ ಎರಡನೆಯ ಬಗೆಯವನಿಂದ.

ಹಡಗು ಮತ್ತು ಗಾಡಿ

ಕರಾವಳಿಯ ಹುಡುಗ ಮುಂಬಯಿಗೆ ಬರುತ್ತಿದ್ದುದು ಸಮುದ್ರದ ದಾರಿಯಿಂದ. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಮಂಗಳೂರಿನಿಂದ ಹೊರಟು ದಂಡೆಯ ಬಂದರುಗಳನ್ನು ಮುಟ್ಟುತ್ತ ಹೋಗುತ್ತಿದ್ದವು. ಸಣ್ಣ ಬಂದರುಗಳಲ್ಲಿ ಹಡಗು ದಡಕ್ಕೆ ಬರುತ್ತಿರಲಿಲ್ಲ. ದೋಣಿಯಲ್ಲಿ ಕುಳಿತು ಹೋಗಿ, ಅಲೆಗಳ ನಡುವೆ ಹಡಗು ಹತ್ತಬೇಕು. ಮುಂಬಯಿಯಲ್ಲಿ ಭಾವುಚಾ ಧಕ್ಕೆಯ ಮೇಲೆ ಇಳಿಯಬೇಕು. ಮಳೆಗಾಲದಲ್ಲಿ ಈ ಸಂಚಾರ ನಿಲ್ಲುತ್ತಿತ್ತು. ಆಗ ಹೊರಡಲೇಬೇಕಾದವನು ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು ರೈಲು ಹಿಡಿಯುತ್ತಿದ್ದ.

ಧಾರವಾಡ, ಬೆಳಗಾವಿಗಳನ್ನು ಪುಣೆಯೊಂದಿಗೆ ಜೋಡಿಸಿದ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ದಾರಿ 1890ರ ಹೊತ್ತಿಗೆ ಸಿದ್ಧವಾಯಿತು. ಪುಣೆಯಲ್ಲಿ ಗಾಡಿ ಬದಲಿಸಿ ದೊಡ್ಡ ರೈಲು ಹತ್ತಿದರೆ ಬೋರಿಬಂದರ. 1971ರಲ್ಲಿ ಪುಣೆ-ಮೀರಜ ಮಾರ್ಗ ಬ್ರಾಡ್ ಗೇಜ್ ಆದ ಮೇಲೆ ಈ ಬದಲಾವಣೆ ಮೀರಜಿಗೆ ಸರಿಯಿತು. ನಡುರಾತ್ರಿಯಲ್ಲಿ ಟ್ರಂಕು, ಹಾಸಿಗೆಸುರುಳಿ, ಅವ್ವ ಕಟ್ಟಿಕೊಟ್ಟ ಬುತ್ತಿ ಹೊತ್ತು ಮೀರಜದ ಫಲಾಟಿನಲ್ಲಿ ಓಡಿದ ನೆನಪು ಇಂದಿನ ಹಿರಿಯರಲ್ಲಿ ಅನೇಕರಿಗೆ ಉಂಟು. ಕರಾವಳಿಗೆ ನೇರ ರೈಲು ಬಂದದ್ದು ಇನ್ನೂ ತಡವಾಗಿ, 1998ರಲ್ಲಿ, ಕೊಂಕಣ ರೈಲ್ವೆ ಪೂರ್ಣಗೊಂಡಾಗ.

ಖೋಲಿ ಮತ್ತು ಖಾನಾವಳಿ

ಹಡಗಿನಿಂದಲೋ ಗಾಡಿಯಿಂದಲೋ ಇಳಿದವನು ಹುಡುಕುತ್ತಿದ್ದುದು ಊರಿನವರ ವಿಳಾಸ. ಗಿರಗಾಂವ, ಠಾಕೂರದ್ವಾರದ ಚಾಳುಗಳಲ್ಲಿ ಅಂಥ ವಿಳಾಸಗಳು ಸಿಗುತ್ತಿದ್ದವು. ಒಂದು ಖೋಲಿ, ಮುಂದೆ ಉದ್ದನೆಯ ಗ್ಯಾಲರಿ, ಮಹಡಿಗೆಲ್ಲ ಸೇರಿ ಸಂಡಾಸು, ನಿಗದಿತ ವೇಳೆಯಲ್ಲಿ ಮಾತ್ರ ನಲ್ಲಿಯ ನೀರು: ಇದು ಚಾಳಿನ ವ್ಯವಸ್ಥೆ. ತೋಟ, ಬಾವಿ, ಹಿತ್ತಲುಗಳಿದ್ದ ಮನೆಯಲ್ಲಿ ಬೆಳೆದವನಿಗೆ ಇಲ್ಲಿ ಹಾಸಿಗೆ ಬಿಡಿಸಲು ಸ್ಥಳ ಹುಡುಕುವುದೇ ಮೊದಲ ಪಾಠ.

ಮದುವೆಯಾಗದವರು ಕೂಡಿ ‘ಮೆಸ್’ ಮಾಡಿಕೊಳ್ಳುತ್ತಿದ್ದರು. ಬಾಡಿಗೆಯನ್ನು ಸಮನಾಗಿ ಹಂಚಿಕೊಳ್ಳುವುದು, ಅಡಿಗೆಗೆ ಊರಿನ ಕಡೆಯ ಒಬ್ಬನನ್ನು ಇಟ್ಟುಕೊಳ್ಳುವುದು, ತಿಂಗಳಿಗೊಬ್ಬರಂತೆ ಲೆಕ್ಕ ಬರೆಯುವುದು ಮೆಸ್ಸಿನ ಕ್ರಮ. ನೌಕರಿ ಸಿಗದವನ ಪಾಲನ್ನು ಉಳಿದವರು ಕೆಲವು ತಿಂಗಳು ಹೊರುವುದೂ ಇತ್ತು. ಗೋವೆಯ ಕ್ರೈಸ್ತರು ಇದೇ ಉದ್ದೇಶಕ್ಕೆ ಧೋಬಿತಲಾವಿನ ಸುತ್ತ ಊರಿಗೊಂದರಂತೆ ‘ಕೂಡ್’ ಎಂಬ ವಸತಿಗಳನ್ನು ನಡೆಸುತ್ತಿದ್ದರು. ಪದವಿಯಿದ್ದರೂ ಇಲ್ಲದಿದ್ದರೂ ಪರದೇಶಿಯಾದವನಿಗೆ ಊರೇ ಜಾಮೀನು ಎಂಬುದು ಎಲ್ಲ ಸಮಾಜದವರಿಗೂ ಅನುಭವಕ್ಕೆ ಬಂದ ಮಾತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಇಕ್ಕಟ್ಟಿನ ವಠಾರಗಳಲ್ಲಿ ಜನ ಸತ್ತರು, ಊರು ಬಿಟ್ಟು ಓಡಿದರು. ಇದರ ಫಲವಾಗಿ 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆಗಳ ದಾದರ-ಮಾಟುಂಗಾ ಬಡಾವಣೆಗಳು ಈ ಟ್ರಸ್ಟಿನ ಯೋಜನೆಯಿಂದ ಬಂದವು. ದಕ್ಷಿಣದಿಂದ ಬಂದ ಗುಮಾಸ್ತರು, ಶಿಕ್ಷಕರು, ಲೆಕ್ಕಿಗರು ಮಾಟುಂಗಾದಲ್ಲಿ ನೆಲೆಗೊಂಡರು. ಅವರ ಬೆನ್ನಿಗೇ ಉಡುಪಿಯವರ ಊಟದ ಮನೆಗಳೂ ಬಂದವು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ರೈಲು ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂಥವುಗಳಲ್ಲಿ ಹೆಸರಾದದ್ದು. ಬಾಳೆ ಎಲೆಯ ಮೇಲೆ ಅನ್ನ, ಸಾರು, ಪಲ್ಯ ಕಂಡ ಒಂಟಿ ತರುಣನಿಗೆ ಅದು ಹೊಟ್ಟೆ ತುಂಬುವುದಕ್ಕಿಂತ ದೊಡ್ಡ ಸಮಾಧಾನವಾಗಿತ್ತು.

ಪದವಿಯ ಮೇಲೆ ಟೈಪ್‌ರೈಟಿಂಗ್

ಕಾಲೇಜಿನಲ್ಲಿ ಶೇಕ್ಸ್‌ಪಿಯರ್ ಓದಿದವನಿಗೆ ಕೋಟೆ ಭಾಗದ ಕಂಪನಿಗಳಲ್ಲಿ ಬೇಕಾಗಿದ್ದುದು ಟೈಪ್‌ರೈಟಿಂಗ್, ಶಾರ್ಟ್‌ಹ್ಯಾಂಡ್ ಮತ್ತು ಜಮಾಖರ್ಚು. ಆದ್ದರಿಂದ ಪದವಿ ಮುಗಿದ ಮೇಲೆ ಮತ್ತೆ ವಿದ್ಯಾರ್ಥಿಯಾಗುವ ಪ್ರಸಂಗ ಬರುತ್ತಿತ್ತು. 1900ರಲ್ಲಿ ಆರಂಭವಾದ ದಾವರ್ಸ್ ಕಾಲೇಜು ಇಂಥ ವ್ಯಾಪಾರಿ ಶಿಕ್ಷಣವನ್ನು ಕೊಡುತ್ತಿತ್ತು. 1913ರಲ್ಲಿ ಸರಕಾರದ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಬಂದಿತು. ರೈಲ್ವೆ ಕಚೇರಿ, ಅಂಚೆ-ತಂತಿ, ಸೆಕ್ರೆಟರಿಯೇಟು, ಬ್ಯಾಂಕು, ವಿಮಾ ಕಂಪನಿ ಇವು ನಮ್ಮವರು ಸೇರುತ್ತಿದ್ದ ಮುಖ್ಯ ಸ್ಥಳಗಳು.

ಭಾಷೆಯ ವಿಷಯದಲ್ಲಿ ಎಲ್ಲರ ಕಷ್ಟ ಒಂದೇ ಆಗಿರಲಿಲ್ಲ. ಧಾರವಾಡ, ಬೆಳಗಾವಿಯವನಿಗೆ ಶಾಲೆಯಲ್ಲೋ ಕಚೇರಿಯಲ್ಲೋ ಮರಾಠಿ ಕಿವಿಗೆ ಬಿದ್ದಿರುತ್ತಿತ್ತು. ಕರಾವಳಿಯ ಕೊಂಕಣಿಗನಿಗೆ ಮರಾಠಿ ಬೇಗ ಕೈಹತ್ತುತ್ತಿತ್ತು. ತುಳುವಿನವನು ಹೊಸದಾಗಿ ಕಲಿಯಬೇಕಿತ್ತು. ಮೈಸೂರಿನವನ ಕನ್ನಡವೇ ಧಾರವಾಡದವನಿಗೆ ವಿಚಿತ್ರವಾಗಿ ಕೇಳುತ್ತಿತ್ತು. ನಾಡಿನಲ್ಲಿ ಒಬ್ಬರನ್ನೊಬ್ಬರು ನೋಡದಿದ್ದ ಈ ನಾಲ್ಕು ಸೀಮೆಯವರು ಮುಂಬಯಿಯ ಒಂದೇ ರಸ್ತೆಯಲ್ಲಿ ಭೇಟಿಯಾದರು. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತೆಂದು ನಾವು ಓದುತ್ತೇವೆ. ಅದರ ಅಭ್ಯಾಸ ಅದಕ್ಕೂ ಮೊದಲೇ ಹೊರನಾಡಿನ ಚಾಳುಗಳಲ್ಲಿ ನಡೆದಿತ್ತು.

ಕಣಗಿನಹಾಳದಿಂದ ಗಾಮದೇವಿಗೆ

ಹೊಸಬನಿಗೆ ಸೂರಿನಷ್ಟೇ ದೊಡ್ಡ ಚಿಂತೆ ಸಾಲದ್ದು. ಓದಿಗಾಗಿ ಊರಿನಲ್ಲಿ ಮಾಡಿದ ಸಾಲ, ತಂಗಿಯ ಮದುವೆ, ಊರಿಗೆ ಕಳಿಸಬೇಕಾದ ಮನಿಯಾರ್ಡರು; ಇವುಗಳ ನಡುವೆ ಕಾಯಿಲೆ ಬಂದರೆ ಹೆಚ್ಚು ಬಡ್ಡಿಯ ಪಠಾಣನೋ ಮಾರವಾಡಿಯೋ ಗತಿ. ಆಸ್ತಿಯಿಲ್ಲದ ಗುಮಾಸ್ತನಿಗೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ.

ಇದಕ್ಕೆ ಪರಿಹಾರದ ಬೀಜ ಬಿದ್ದದ್ದು ಒಂದು ಕನ್ನಡ ಹಳ್ಳಿಯಲ್ಲಿ ಎಂಬುದು ಅಭಿಮಾನದ ಸಂಗತಿ. ಸರಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ಜಾರಿಗೆ ತಂದಿತು. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರ ಮೇ ತಿಂಗಳಲ್ಲಿ ರೈತರ ಸಹಕಾರಿ ಸಂಘವನ್ನು ಕಟ್ಟಿದರು. ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಆಸ್ತಿಯಿಲ್ಲದವನಿಗೂ ಪತ್ತು ಹುಟ್ಟುತ್ತದೆ ಎಂಬುದೇ ಅದರ ತತ್ವ.

ಮರುವರ್ಷ ಇದೇ ತತ್ವ ಮುಂಬಯಿಗೆ ವಲಸೆ ಬಂದವರಲ್ಲಿ ಕಾಣಿಸಿಕೊಂಡಿತು. ಚಿತ್ರಾಪುರ ಸಾರಸ್ವತರು ಮನೆಯಲ್ಲಿ ಕೊಂಕಣಿ ಆಡುತ್ತ ಶಾಲೆಯಲ್ಲಿ ಕನ್ನಡ ಓದಿದ ಕನ್ನಡ ಜಿಲ್ಲೆಗಳ ಜನ. ಅವರಲ್ಲಿ ಹಲವರು ಇಂಗ್ಲಿಷ್ ಕಲಿತು ಮುಂಬಯಿಯಲ್ಲಿ ನೌಕರಿಗೆ ಸೇರಿದ್ದರು. ಅವರಲ್ಲೊಬ್ಬರಾದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರುಗಳಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಸ್ಮರಣಾರ್ಥ 1906ರ ಡಿಸೆಂಬರ್ 27ರಂದು ಒಂದು ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಇಂದಿನ ಎಸ್.ವಿ.ಸಿ. ಬ್ಯಾಂಕಿನ ಮೂಲ ಇದೇ. ಸಹೋದ್ಯೋಗಿಗಳ ಜಾಮೀನಿನ ಮೇಲೆ ಸಾಲ ಪಡೆದು ಪಗಾರದಿಂದ ಕಂತು ತೀರಿಸುವ ವ್ಯವಸ್ಥೆ ನೌಕರಿಯ ಜನರಿಗೆ ತಕ್ಕುದಾಗಿತ್ತು.

1912ರ ಹೊಸ ಕಾಯದೆ ಸಾಲದ ಹೊರತಾದ ಉದ್ದೇಶಗಳಿಗೂ ಸಹಕಾರಿ ಸಂಘ ಕಟ್ಟಲು ಅವಕಾಶ ಕೊಟ್ಟಿತು. ತಲ್ಮಕಿಯವರೂ ಅವರ ಸಂಗಡಿಗರೂ ಅದನ್ನು ಸೂರಿಗಾಗಿ ಬಳಸಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ನೋಂದಣಿಯಾಯಿತು. ಮುಂಬಯಿಯಲ್ಲಿ ಇಂಥದು ಇದೇ ಮೊದಲು. ಕಟ್ಟಡ ಸಂಘದ್ದು, ಸದಸ್ಯ ಷೇರು ಕೊಂಡು ತಿಂಗಳು ತಿಂಗಳು ಬಾಡಿಗೆ ಕೊಡುತ್ತ ತನ್ನ ಮನೆಯಲ್ಲಿ ನಿಶ್ಚಿಂತೆಯಿಂದ ಇರಬಹುದು. ಮನೆಮಾಲಕನ ಕಿರುಕುಳವಿಲ್ಲ, ಎಬ್ಬಿಸುವ ಭಯವಿಲ್ಲ. ತಾಡದೇವದ ತಲ್ಮಕಿವಾಡಿ ಈ ಹಿರಿಯರ ಹೆಸರನ್ನು ಇಂದಿಗೂ ಉಳಿಸಿದೆ. ಇಂದು ಮುಂಬಯಿ, ಪುಣೆಗಳಲ್ಲಿ ‘ಸೊಸೈಟಿ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದರ ಆರಂಭದಲ್ಲಿ ಕನ್ನಡ ಕರಾವಳಿಯಿಂದ ಬಂದ ಗುಮಾಸ್ತರ ಬಾಡಿಗೆ ಮನೆಯ ಬವಣೆಯಿತ್ತೆಂಬುದು ಅನೇಕರಿಗೆ ತಿಳಿದಿಲ್ಲ.

ಸಂಘಗಳು ಹುಟ್ಟಿದ ಬಗೆ

ಉಳಿದ ಸಮಾಜಗಳೂ ಹಿಂದೆ ಬೀಳಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೇ ಹುಟ್ಟಿತ್ತು. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಬಂದವು. ಜಾತಿಯ ಎಲ್ಲೆಯನ್ನು ದಾಟಿ ನಾಡಿನ ಹೆಸರಿನಲ್ಲಿ ಕೂಡುವ ಪ್ರಯತ್ನವಾಗಿ ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಸ್ಥಾಪನೆಯಾದವು. ನಾಟಕ, ಉಪನ್ಯಾಸ, ನಾಡಹಬ್ಬಗಳಿಂದ ಇವು ಹೆಸರಾದವು. ಆದರೆ ಸಂಜೆಯ ನಾಟಕಕ್ಕೆ ಬಂದ ಹೊಸ ಹುಡುಗ ಹಿಂತಿರುಗುವಾಗ ಒಂದು ನೌಕರಿಯ ಸುದ್ದಿಯನ್ನೋ ಖೋಲಿಯ ವಿಳಾಸವನ್ನೋ ಹಿಡಿದು ಹೋಗುತ್ತಿದ್ದನೆಂಬುದು ವರದಿ ಪುಸ್ತಕಗಳಲ್ಲಿ ಬರೆಯದ ಸೇವೆ.

ಇಲ್ಲಿ ಇನ್ನೊಂದು ಬಗೆಯ ಪದವೀಧರರನ್ನು ಸ್ಮರಿಸದಿದ್ದರೆ ಲೇಖನ ಅಪೂರ್ಣವಾದೀತು. ಇವರು ಪದವಿ ಪಡೆದು ಊರು ಬಿಟ್ಟವರಲ್ಲ. ಊರು ಬಿಟ್ಟು ಪದವಿ ಪಡೆದವರು. ಹೋಟೆಲಿನಲ್ಲಿ ಲೋಟ ತೊಳೆಯಲು ಬಂದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೆಟ್ರಿಕ್ ಮುಗಿಸಿದರು. ಡಾ. ಅಂಬೇಡ್ಕರರು ಕಟ್ಟಿದ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜು, ನೌಕರಿಯವರಿಗೆ ಅನುಕೂಲವಾಗಲೆಂದು ಮುಂಜಾನೆಯ ತರಗತಿಗಳನ್ನು ನಡೆಸಿತು. ಬೆಳಿಗ್ಗೆ ಕಾಲೇಜು, ಹಗಲು ಕೆಲಸ, ರಾತ್ರಿ ಓದು ಎಂಬ ಕಠಿಣ ದಿನಚರಿಯಿಂದ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ತಯಾರಾದರು.

1956ರಲ್ಲಿ ಜೀವವಿಮಾ ನಿಗಮ ಹುಟ್ಟಿತು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ದೇಶದ ಮೂಲೆ ಮೂಲೆಗೆ ಶಾಖೆ ತೆರೆದಾಗ ಪದವೀಧರರೂ ವರ್ಗದ ಆದೇಶ ಹಿಡಿದು ದಿಲ್ಲಿ, ಹೈದರಾಬಾದು, ಮದರಾಸುಗಳಿಗೆ ಹರಡಿದರು. ನೌಕರಿ ಖಚಿತವಿದ್ದರೂ ಈ ಪೀಳಿಗೆಯವರ ಮನಸ್ಸಿನ ತಳಮಳ ಕಡಿಮೆಯದಲ್ಲ. ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಕಲಿತು ಅಲ್ಲೇ ವೃತ್ತಿ ನಡೆಸಿದ ಯಶವಂತ ಚಿತ್ತಾಲರು, 1979ರ ‘ಶಿಕಾರಿ’ ಕಾದಂಬರಿಯಲ್ಲಿ ದೊಡ್ಡ ಕಂಪನಿಯ ಅಧಿಕಾರಿಯೊಬ್ಬನ ಒಂಟಿತನವನ್ನೂ ಭಯವನ್ನೂ ತೋರಿಸಿದ್ದಾರೆ.

ಇಂದಿನ ಹೊಸಬರು

1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯದೆ ಹಳೆಯ ಬಾಡಿಗೆದಾರರನ್ನು ರಕ್ಷಿಸಿತು. ಆದರೆ ಬಾಡಿಗೆ ಏರಿಸಲಾಗದ ಮಾಲಕರು ಬಾಡಿಗೆಗಾಗಿ ಹೊಸ ಮನೆ ಕಟ್ಟುವುದನ್ನು ಬಿಟ್ಟರು. ಪಗಡಿ ಕೊಡಲಾರದ ಹೊಸಬ ‘ಪೇಯಿಂಗ್ ಗೆಸ್ಟ್’ ಆದ, ಇಲ್ಲವೇ ಒಂದು ಮಂಚದಷ್ಟು ಜಾಗಕ್ಕೆ ಬಾಡಿಗೆ ಕೊಟ್ಟ. ಇಂದಿನ ಪದವೀಧರನಿಗೆ ವಿಮಾನವಿದೆ, ಕೈಯಲ್ಲಿ ಫೋನಿದೆ, ಊರಿಗೆ ಹಣ ಕಳಿಸಲು ಅಂಚೆಯಣ್ಣ ಬೇಕಿಲ್ಲ. ಆದರೂ ಹನ್ನೊಂದು ತಿಂಗಳ ಕರಾರು, ಡಿಪಾಜಿಟ್ಟು, ದಲಾಲಿ, ‘ಒಂಟಿಯಾಗಿರುವವರಿಗೆ ಮನೆ ಕೊಡುವುದಿಲ್ಲ’ ಎಂಬ ಮಾತು ತಪ್ಪಿಲ್ಲ. ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿ ಗಂಡನ ಜೊತೆ ಬಂದು ಒಂದೇ ಖೋಲಿಯಲ್ಲಿ ಸಂಸಾರ ಹೂಡುತ್ತಿದ್ದರು. ಇಂದು ಪದವಿ ಮುಗಿಸಿ ಒಬ್ಬಳೇ ಬರುವ ಹುಡುಗಿಗೆ ಸುರಕ್ಷಿತ ವಸತಿ ಹುಡುಕುವುದು ಅವಳ ತಂದೆತಾಯಿಯರ ಮೊದಲ ಚಿಂತೆ.

ಮೆಸ್ಸಿನ ಖೋಲಿಯಲ್ಲಿ ಲೆಕ್ಕ ಬರೆದ ತರುಣರೇ ಮುಂದೆ ಸಂಘಗಳನ್ನು ಕಟ್ಟಿದರು, ಸಭಾಗೃಹಗಳಿಗೆ ಕಲ್ಲು ಹೊತ್ತರು. ಆ ಸಭಾಗೃಹಗಳಲ್ಲಿ ಇಂದು ಹೊಸ ಮುಖಗಳು ಕಾಣುತ್ತಿಲ್ಲವೆಂದು ನಾವು ಪ್ರತಿವರ್ಷ ವಾರ್ಷಿಕ ಸಭೆಯಲ್ಲಿ ವ್ಯಸನ ಪಡುತ್ತೇವೆ. ಭಾಷೆಯ ಪ್ರೇಮ ಕಡಿಮೆಯಾಯಿತೆಂದು ಎಳೆಯರನ್ನು ದೂರುವುದು ಸುಲಭ. ಆದರೆ ಇತಿಹಾಸವನ್ನು ನೋಡಿದರೆ ಸೂರು, ಊಟ, ಸಾಲದ ಅಗತ್ಯವೇ ನಮ್ಮ ಹಿರಿಯರನ್ನು ಒಟ್ಟುಗೂಡಿಸಿತು. ಕೂಡಿದ ಮೇಲೆ ಅವರು ನಾಟಕವಾಡಿದರು, ಹಾಡಿದರು, ಪತ್ರಿಕೆ ತೆಗೆದರು.

ಆದುದರಿಂದ ನಮ್ಮ ಪ್ರತಿಯೊಂದು ಸಂಘದ ಕಚೇರಿಯಲ್ಲಿಯೂ ಒಂದು ದಾಖಲೆ ಪುಸ್ತಕ ಇರಲಿ ಎಂಬುದು ಈ ಲೇಖಕನ ನಮ್ರ ಸೂಚನೆ. ಮನೆಯಲ್ಲಿ ಒಂದು ಕೋಣೆ ತೆರವಿರುವ ಸದಸ್ಯರು ಅದರಲ್ಲಿ ತಮ್ಮ ಹೆಸರು ಬರೆಸಲಿ. ಹೊಸದಾಗಿ ಬಂದವರಿಗೆ ಬಾಡಿಗೆಯ ಕರಾರು ಓದಿ ಹೇಳಲು ನಿವೃತ್ತ ಹಿರಿಯರೊಬ್ಬರು ವಾರಕ್ಕೊಂದು ಸಂಜೆ ಕುಳಿತಿರಲಿ. ಮೊದಲ ತಿಂಗಳ ಡಿಪಾಜಿಟ್ಟಿಗಾಗಿ ಹಿಂತಿರುಗಿಸುವ ಷರತ್ತಿನ ಮೇಲೆ ಕೊಡಲು ಒಂದು ಸಣ್ಣ ನಿಧಿ ಇರಲಿ. ಇದಕ್ಕೆ ದೊಡ್ಡ ಹಣವೂ ಬೇಡ, ಸರಕಾರದ ಅನುದಾನವೂ ಬೇಡ. ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆ ಕರೆದಾಗ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿ.